ದಾಂಪತ್ಯಶಂಕಾಕಥಾವಾಚನಮೀಮಾಂಸೆ

ಶಾಸ್ತ್ರಗ್ರಂಥವನ್ನು ಆರಂಭಿಸುವವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ಮೊದಲು ನಿರೂಪಿಸತಕ್ಕದ್ದೆಂಬುದು ಪೂರ್ವಾಚಾರ್ಯರ ಮತವಾಗಿರುವುದರಿಂದ, ಗಂಡಹೆಂಡಿರ ನಡುವೆ ಏನೋ ಸರಿಯಿಲ್ಲವೆಂಬ ಒಂದೇ ಗುಮಾನಿಯ ಬಲದಿಂದ ಓದುಗರ ನಿದ್ರೆಯನ್ನು ಅಪಹರಿಸುವ ಕಾದಂಬರಿಗಳ ವಾಚನವೆಂಬ ಈ ಗಹನ ವ್ಯಾಪಾರದಲ್ಲಿ ನಾನೂ ಆ ಕ್ರಮವನ್ನೇ ಅನುಸರಿಸುತ್ತೇನೆ. ವಿಷಯವು ಡ್ಯಾಫ್ನಿ ದು ಮೋರಿಯೇ ಎಂಬಾಕೆ ಬರೆದು 1938ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ‘ರೆಬೆಕಾ’. ಪ್ರಯೋಜನವು ಲೇಖಕನಿಗೆ ಗೋಷ್ಠಿಯ ಆಹ್ವಾನ. ಸಂಬಂಧವು ಗ್ರಂಥಕ್ಕೂ ಪ್ರಬಂಧಕ್ಕೂ ಇರಬೇಕಾದದ್ದು. ಇಲ್ಲದಿದ್ದರೂ ಬಾಧಕವಿಲ್ಲವೆಂಬುದು ಈಚಿನ ವಿದ್ವಾಂಸರ ಆಚಾರದಿಂದಲೇ ಸಿದ್ಧವಾಗುತ್ತದೆ.

ಅಧಿಕಾರಿಗಳು ಮೂರು ತೆರ. ಗ್ರಂಥವನ್ನು ಓದದೆಯೇ ಅದನ್ನು ಲಘುಸಾಹಿತ್ಯವೆಂದು ನಿರ್ಣಯಿಸಿ ಅಧ್ಯಕ್ಷಪೀಠವನ್ನು ಅಲಂಕರಿಸುವವನು ಉತ್ತಮಾಧಿಕಾರಿ. ಕಡೆಯ ಅಧ್ಯಾಯವನ್ನು ಮೊದಲೇ ನೋಡಿಕೊಂಡು, ನಡುವಿನಲ್ಲಿರುವವರ ಎದುರಿಗೆ ಅರ್ಥಗರ್ಭಿತವಾಗಿ ನಸುನಗುವವನು ಮಧ್ಯಮ. ಒಲೆಯ ಮೇಲಿನ ಹಾಲು ಉಕ್ಕಿ ಹರಿದರೂ ಎಚ್ಚರಗೊಳ್ಳದೆ ಪುಟ ತಿರುವುವವಳು ಅಧಮಾಧಿಕಾರಿಣಿ. ಪುಸ್ತಕವನ್ನು ನಿಜವಾಗಿ ಓದುವವಳು ಈಕೆಯೊಬ್ಬಳೇ ಆದುದರಿಂದ ಶಾಸ್ತ್ರದಲ್ಲಿ ಈಕೆಯ ಮಾತಿಗೆ ಪ್ರಾಮಾಣ್ಯವಿಲ್ಲ. ಉತ್ತಮಾಧಿಕಾರಿಯಲ್ಲಿ ಸಭಾಪ್ರವಿಷ್ಟ, ಮುನ್ನುಡಿಪ್ರವಿಷ್ಟ, ಉಭಯಪ್ರವಿಷ್ಟ ಎಂದು ಮತ್ತೆ ಮೂರು ಭೇದಗಳು; ಒಂದೊಂದೂ ಶಾಲುಸಹಿತ, ಶಾಲುರಹಿತ ಎಂದು ಇಬ್ಬಗೆಯಾಗಿ ಒಟ್ಟು ಆರು.

ಇನ್ನು ರಸವಿಚಾರ. ಭರತಮುನಿಯು ಸಂಚಾರಿಭಾವಗಳನ್ನು 33 ಎಂದು ಎಣಿಸಿ, ಶಂಕೆ, ಅಸೂಯೆ, ತ್ರಾಸ, ದೈನ್ಯ, ವಿತರ್ಕಗಳನ್ನು ಅವುಗಳಲ್ಲಿ ಸೇರಿಸಿರುವನಷ್ಟೆ. ಇವು ಬಂದು ಹೋಗತಕ್ಕವು. ಪ್ರಕೃತ ಕಾದಂಬರಿಯಲ್ಲಾದರೋ ಶಂಕೆಯು, ಹಂಗಾಮಿ ಗುಮಾಸ್ತನು ಯಾರ ಕಣ್ಣಿಗೂ ಬೀಳದೆ ಖಾಯಂ ಆಗಿಬಿಟ್ಟಂತೆ, ಸ್ಥಾಯಿಯ ಪೀಠವನ್ನೇ ಆಕ್ರಮಿಸಿಕೊಂಡಿದೆ. ಮಾಂಟಿ ಕಾರ್ಲೋದಲ್ಲಿ ಶ್ರೀಮಂತೆಯೊಬ್ಬಳಿಗೆ ಸಂಬಳದ ಸಂಗಾತಿಯಾಗಿದ್ದ ಹುಡುಗಿಯನ್ನು, ಅವಳಿಗಿಂತ ಇಮ್ಮಡಿ ವಯಸ್ಸಿನ ವಿಧುರ ಮ್ಯಾಕ್ಸಿಮ್ ಡಿ ವಿಂಟರನು ಮದುವೆಯಾಗಿ ಮ್ಯಾಂಡರ್ಲಿಯೆಂಬ ತನ್ನ ಮಹಾಗೃಹಕ್ಕೆ ಕರೆತರುತ್ತಾನೆ. ಅಲ್ಲಿ ಸತ್ತ ಮೊದಲ ಹೆಂಡತಿಯ ಹೆಸರು ಎಲ್ಲೆಲ್ಲಿಯೂ ಇದೆ. ಬದುಕಿರುವ ಎರಡನೆಯವಳ ಹೆಸರನ್ನು ಗ್ರಂಥಕರ್ತ್ರಿಯು ಕಡೆಯವರೆಗೂ ಹೇಳುವುದಿಲ್ಲ. ಇದನ್ನು ಗೋಷ್ಠಿಯೊಂದರಲ್ಲಿ ಪಂಡಿತರೊಬ್ಬರು ‘ನಾಮಾಭಾವಾವಚ್ಛಿನ್ನ ಸ್ತ್ರೀತ್ವನಿಷ್ಠ ಶೂನ್ಯಸ್ಥಾನ’ ಎಂದು ವಿವರಿಸಿದರು. ಸಭೆ ಚಪ್ಪಾಳೆ ತಟ್ಟಿತು.

ಅವರು ಪಿಂಗಾಣಿ ಬೊಂಬೆಯನ್ನೂ ಬಿಡಲಿಲ್ಲ. ಹೊಸ ಒಡತಿಯು ರೆಬೆಕಾಳ ಬರೆಯುವ ಮೇಜಿನ ಮೇಲೆ ತನ್ನ ಪುಸ್ತಕಗಳನ್ನು ಜೋಡಿಸುವಾಗ ಅವು ಜಾರಿ, ಬೆಲೆಬಾಳುವ ಮನ್ಮಥನ ಬೊಂಬೆಯೊಂದು ಬಿದ್ದು ಒಡೆಯುತ್ತದೆ. ಚೂರುಗಳನ್ನು ಆಯ್ದು ಲಕೋಟೆಗೆ ತುಂಬಿ ಡ್ರಾಯರಿನ ಹಿಂಬದಿಯಲ್ಲಿ ಅಡಗಿಸುತ್ತಾಳೆ. ಅನುಮಾನವು ಆಳು ರಾಬರ್ಟನ ಮೇಲೆ ಬೀಳುತ್ತದೆ. ಕೊನೆಗೆ ಗಂಡನ ಮುಂದೆ, ಮನೆವಾರ್ತೆಯ ಯಜಮಾನಿಕೆ ನಡೆಸುವ ಡ್ಯಾನ್ವರ್ಸಳ ಮುಂದೆ, ತಾನೇ ಒಡೆದೆನೆಂದು ತಲೆ ತಗ್ಗಿಸಬೇಕಾಗುತ್ತದೆ. ‘ವಿಘಟಿತಕಾಮಪ್ರತೀಕ’ ಎಂದರು ಪಂಡಿತರು. ಅಲ್ಲ ಸ್ವಾಮಿ, ಸ್ವಂತ ಮನೆಯಲ್ಲಿ ಆಳುಕಾಳುಗಳಿಗೆ ಹೆದರಿ ಒಡೆದ ಬೊಂಬೆಯನ್ನು ಬಚ್ಚಿಡುವ ಹುಡುಗಿಯ ಕೈ ನಡುಗಿದ್ದು ತಮಗೆ ಕಾಣಲೇ ಇಲ್ಲವೆ? ಪುಸ್ತಕ ಓದಿದಿರೋ, ಅದರ ಮೇಲೆ ಬಂದ ಪುಸ್ತಕಗಳನ್ನು ಮಾತ್ರ ಓದಿದಿರೋ?

ಪುಟೋದ್ವರ್ತನತ್ವರೆಯ ಲಕ್ಷಣ, ಅಂತ್ಯಪೂರ್ವವೀಕ್ಷಣದೋಷ, ದೀಪನಿರ್ವಾಪಣವಿಳಂಬದ ಐದು ಅವಸ್ಥೆಗಳು ಇವುಗಳನ್ನು ಇಲ್ಲಿ ಹೇಳಬೇಕಾಗಿತ್ತು. ಅವು ಹಾಗಿರಲಿ, ಆ ಶಾಲುಗಳ ಎಣಿಕೆಯೂ ಸಾಕು.

ಶಾಸ್ತ್ರಕ್ಕೆ ಹೊರಗೆ ಉಳಿದುಹೋದದ್ದು ಬೇರೊಂದಿದೆ. ರೆಬೆಕಾಳನ್ನು ತಾನೇ ಗುಂಡಿಕ್ಕಿ ಕೊಂದು, ಹೆಣವನ್ನು ಅವಳ ದೋಣಿಯಲ್ಲಿಟ್ಟು ಮುಳುಗಿಸಿದೆನೆಂದು ಮ್ಯಾಕ್ಸಿಮನು ಹೇಳುವಾಗ, ಕೇಳುತ್ತಿರುವ ಹೆಂಡತಿಯ ಕಿವಿ ಹಿಡಿಯುವುದು ಒಂದೇ ಮಾತನ್ನು: ಅವನು ರೆಬೆಕಾಳನ್ನು ಪ್ರೀತಿಸಿರಲಿಲ್ಲ. ಅವಳ ಎದೆ ಹಗುರವಾಗುತ್ತದೆ, ನಮ್ಮದೂ ಆಗುತ್ತದೆ. ವಿಚಾರಣೆಯಲ್ಲಿ ದೋಣಿ ಕಟ್ಟಿದವನು ತಳದ ತೂತುಗಳು ಒಳಗಿನಿಂದ ಕೊರೆದವೆಂದು ಸಾಕ್ಷಿ ನುಡಿದಾಗ, ಕೊಂದವನು ಸಿಕ್ಕಿಬೀಳಬಾರದೆಂದು ನಾವು ಉಸಿರು ಬಿಗಿಹಿಡಿಯುತ್ತೇವೆ. ಹಾಲಿವುಡ್ಡಿನ ಅಂದಿನ ನೀತಿಸಂಹಿತೆಯು ಹೆಂಡತಿಯನ್ನು ಕೊಂದ ಗಂಡನು ಶಿಕ್ಷೆಯಿಲ್ಲದೆ ಉಳಿಯುವುದನ್ನು ಒಪ್ಪದಿದ್ದುದರಿಂದ, 1940ರಲ್ಲಿ ಹಿಚ್‌ಕಾಕನು ಇದನ್ನು ಚಿತ್ರವಾಗಿಸಿದಾಗ ರೆಬೆಕಾ ಎಡವಿ ಬಿದ್ದು ತಲೆಗೆ ಪೆಟ್ಟಾಗಿ ಸಾಯಬೇಕಾಯಿತು. ಆ ಚಿತ್ರಕ್ಕೆ ಆ ವರ್ಷದ ಅತ್ಯುತ್ತಮ ಚಿತ್ರದ ಆಸ್ಕರ್ ಬಂದಿತು. ಕತ್ತರಿ ಹಿಡಿದ ಆ ಮಡಿವಂತರಿಗೆ ಸಾಹಿತ್ಯ ತಿಳಿದಿತ್ತೋ ಇಲ್ಲವೋ, ಓದುವವರು ಯಾರ ಪಕ್ಷಕ್ಕೆ ವಾಲುವರೆಂಬುದು ಮಾತ್ರ ಪಂಡಿತರಿಗಿಂತ ಚೆನ್ನಾಗಿ ತಿಳಿದಿತ್ತು.

ರೆಬೆಕಾ ಕೊನೆಯ ರಾತ್ರಿ ಏನು ಹೇಳಿದಳೆಂಬುದು ನಮಗೆ ಗೊತ್ತಾಗುವುದು ಅವಳನ್ನು ಕೊಂದವನ ಬಾಯಿಂದಲೇ. ಅವಳು ಕೆಟ್ಟವಳೆಂದು ಅವನೆಂದ, ನಂಬಿದೆವು. ಆತ್ಮಹತ್ಯೆಯೆಂದು ತೀರ್ಪಾಯಿತು, ಸದ್ಯ ಬಚಾವಾದನೆಂದುಕೊಂಡೆವು. ಅವಳಿಗೆ ವಾಸಿಯಾಗದ ರೋಗವಿತ್ತೆಂದು ವೈದ್ಯನು ಹೇಳಿದಾಗಲಂತೂ, ಹೇಗೂ ಸಾಯತಕ್ಕವಳೇ ಎಂದು ಕೊಲೆಯೊಂದನ್ನು ಲೆಕ್ಕದಿಂದ ಹೊಡೆದುಹಾಕಿದೆವು. ಇಷ್ಟೆಲ್ಲ ಪೌರೋಹಿತ್ಯದಿಂದ ಉಳಿದ ದಂಪತಿಗಳು ಈಗ ಪರದೇಶದ ಹೋಟೆಲುಗಳಲ್ಲಿ ಕಾಲ ಕಳೆಯುತ್ತಾರೆ. ಅವಳು ಅವನಿಗೆ ಇಂಗ್ಲೆಂಡಿನ ಕ್ರಿಕೆಟ್ ವರದಿಗಳನ್ನು ಓದಿ ಹೇಳುತ್ತಾಳೆ. ಹಳೆಯದನ್ನು ಕೆದಕುವಂಥದು ಕಣ್ಣಿಗೆ ಬಿದ್ದರೆ ತನ್ನಲ್ಲೇ ಇಟ್ಟುಕೊಳ್ಳುತ್ತಾಳೆ. ಅದನ್ನೇ ನೆಮ್ಮದಿಯೆನ್ನುತ್ತಾಳೆ. ನಾವು ಅಷ್ಟು ಹೊತ್ತಿನವರೆಗೆ ದೀಪ ಆರಿಸದೆ ಹರಕೆ ಹೊತ್ತು ಕಾಯ್ದದ್ದು ಈ ಸಂಸಾರವನ್ನು.