ಮಾಸ್ತರರ ಬ್ಯಾಗು

ಜನವಾಡದಲ್ಲಿ ಏನಕ್ಕೆ ಬರ ಬಂದರೂ ರೊಕ್ಕದ ಸಲಹೆಗೆ ಬರ ಇಲ್ಲ. ಬೀದರಿನಿಂದ ಔರಾದಿಗೆ ಹೋಗುವ ಬಸ್ಸು ಇಲ್ಲಿ ನಿಂತು ಹೊರಡುವಷ್ಟರಲ್ಲಿ ಕಿಟಕಿ ಪಕ್ಕ ಕೂತವನಿಗೆ ಬಂಗಾರ ತಗೊ, ಪ್ಲಾಟ್ ತಗೊ, ಎರಡು ಎಮ್ಮೆ ತಗೊ ಎಂದು ಕೆಳಗಿನಿಂದಲೇ ಹೇಳಿ ಮುಗಿಸಿರುತ್ತಾರೆ. ಹೇಳಿದವನ ಕಿಸೆಯಲ್ಲಿ ಚಾದ ಬಿಲ್ಲಿಗೆ ಚಿಲ್ಲರೆ ಇರುವುದಿಲ್ಲ, ಆ ಮಾತು ಬೇರೆ.

ಇಷ್ಟೊಂದು ಪುಕ್ಕಟೆ ಸಲಹೆಗಾರರ ನಡುವೆ ಒಬ್ಬರು ಮಾತ್ರ ಬ್ಯಾಗು ಹಿಡಿದು ಉರಿಬಿಸಿಲಲ್ಲಿ ಗಾಡಿ ಮೇಲೆ ಬರುತ್ತಾರೆ. ಅವರನ್ನು ಕಂಡ ಕೂಡಲೇ ಕಟ್ಟೆ ಮೇಲೆ ಕೂತವರಿಗೆಲ್ಲ ಹೊಲದ ಕೆಲಸ ನೆನಪಾಗುತ್ತದೆ. ಅವರು ಎಲ್‌ಐಸಿ ಏಜೆಂಟರು. ಒಂದು ಕಾಲಕ್ಕೆ ಸಾಲಿಯಲ್ಲಿ ಕಲಿಸುತ್ತಿದ್ದರೆಂದು ಊರವರಿಗೆ ಇವತ್ತಿಗೂ ‘ಮಾಸ್ತರ’. ಕಂತು ಬಾಕಿ ಇಟ್ಟುಕೊಂಡವರು ಹಿಂದಿನ ಬೆಂಚಿನ ಹುಡುಗರ ಹಾಗೆ ಮುಖ ತಪ್ಪಿಸಿಕೊಳ್ಳುತ್ತಾರೆ.

ಈ ವೃತ್ತಿಗೂ ನಮ್ಮ ಜಿಲ್ಲೆಗೂ ಒಂದು ಋಣ ಇದೆ. 1956ರ ಸೆಪ್ಟೆಂಬರ್ 1ರಂದು ಜೀವ ವಿಮಾ ನಿಗಮ ಹುಟ್ಟಿತು. ನವೆಂಬರ್ 1ರಂದು ಬೀದರ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಬಂತು. ಅಂದರೆ ನಾವು ಕನ್ನಡ ರಾಜ್ಯದ ಹೊಸ್ತಿಲು ದಾಟುವ ಹೊತ್ತಿಗೆ ಏಜೆಂಟ್ ಆಗಲೇ ಒಳಗೆ ಕೂತು ಚಾ ಕುಡಿಯುತ್ತಿದ್ದ! ನಿಜಾಮನ ಹಾಲಿ ಸಿಕ್ಕಾ, ಇಂಗ್ರೇಜಿಯವರ ಕಲ್ದಾರ್ ಎರಡೂ ಥರದ ರೂಪಾಯಿ ನೋಡಿದ್ದ ನಮ್ಮ ಅಜ್ಜಂದಿರು ಕಾಗದದ ಮೇಲಿನ ಮಾತನ್ನು ಸುಲಭಕ್ಕೆ ನಂಬುತ್ತಿರಲಿಲ್ಲ. ಕಾಗದ ತಂದವನ ಮುಖ ನೋಡುತ್ತಿದ್ದರು, ಅವನು ಯಾರ ಪೈಕಿ ಎಂದು ಕೇಳುತ್ತಿದ್ದರು. ಮೊಮ್ಮಕ್ಕಳೂ ಅಷ್ಟೇ. ಪಾಲಿಸಿಯ ಹೆಸರು ಕೇಳಿ ನೋಡಿ, ಜೀವನ ಏನೋ ಅದ ನೋಡ್ರಿ ಎನ್ನುತ್ತಾರೆ. ಮಾಸ್ತರರ ಬೀಗರು ಯಾರು ಎಂದು ಕೇಳಿ, ಮೂರು ತಲೆಮಾರು ಹೇಳುತ್ತಾರೆ.

ಫಾರಂ ತುಂಬುವ ಪ್ರಸಂಗವನ್ನು ಒಮ್ಮೆಯಾದರೂ ನೋಡಬೇಕು. ಪಡಸಾಲೆಯಲ್ಲಿ ಚಾಪೆ, ಮಾಸ್ತರರ ಮೊಳಕಾಲ ಮೇಲೆ ಫಾರಂ, ಎದುರಿಗೆ ಕಾಕಾ.

“ಸಕ್ರಿ ಬ್ಯಾನಿ ಅದೇನ್ರಿ ಕಾಕಾ?”

“ಛೇ ಛೇ! ನಮ್ಮ ಮನೆತನದಾಗೇ ಇಲ್ಲ.” ಆಮೇಲೆ ಒಳಗಿನ ಕಡೆ ತಿರುಗಿ, “ಏ, ನನ್ ಚಾಕ್ಕ ಸಕ್ರಿ ಹಾಕಬ್ಯಾಡ್ರಿ!”

ಮಾಸ್ತರರು ಪೆನ್ನು ಎತ್ತಿ ಹಿಡಿದು ಕಾಕಾನನ್ನು ನೋಡುತ್ತಾರೆ. ಪಾಲಿಸಿಗೆ ಮೂರು ವರ್ಷ ತುಂಬುವ ತನಕ ಕಂಪನಿ ಈ ಉತ್ತರಗಳನ್ನು ಕೆದಕಿ ಕ್ಲೇಮು ತಿರಸ್ಕರಿಸಬಹುದು, ಇವತ್ತಿನ ಸುಳ್ಳಿಗೆ ನಾಳೆ ಕಾಕು ಅಳಬೇಕಾಗುತ್ತದೆ ಎಂದು ತಿಳಿಸಿ ಹೇಳುತ್ತಾರೆ. ಕಾಕಾ ಅರ್ಧ ಒಪ್ಪುತ್ತಾನೆ. “ಸ್ವಲ್ಪ ಅದ ಅಂತ ಬರೀರಿ.”

ಇದಾದರೂ ದಾಟಬಹುದು, ‘ನಾಮಿನಿ ಯಾರು’ ಎಂಬ ಪ್ರಶ್ನೆ ದಾಟುವುದು ಕಷ್ಟ. ಆ ಮಾತು ಬಿದ್ದದ್ದೇ ತಡ ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಲ್ಲುತ್ತದೆ. ಬಾಗಿಲಿಗೆ ಹೆಂಡತಿ, ಕಂಬಕ್ಕೆ ಒರಗಿ ತಾಯಿ, ಅಂಗಳದಲ್ಲಿ ಸುಮ್ಮನೆ ಮೊಬೈಲ್ ತಿಕ್ಕುತ್ತಿದ್ದ ಹಿರಿಮಗ, ಎಲ್ಲರೂ ಕಿವಿಯೇ. ಕಾಕಾ ಕೆಮ್ಮುತ್ತಾನೆ, ನೀರು ಕೇಳುತ್ತಾನೆ. ಕೊನೆಗೆ, “ಸದ್ಯ ಖಾಲಿ ಬಿಡ್ರಿ ಮಾಸ್ತರ, ನಾ ಸಹಿ ಮಾಡಿ ಕೊಡ್ತೀನಿ. ಗಂಜಿನಾಗ ಸಿಕ್ಕಾಗ ಹೇಳ್ತೀನಿ, ನೀವೇ ತುಂಬ್ಕೊಳ್ರಿ.” ಗಾಂಧಿ ಗಂಜಿನ ಗದ್ದಲದಲ್ಲಿ ಸೋಯಾ ಚೀಲದ ಮರೆಗೆ ನಿಂತು ಕಿವಿಯಲ್ಲಿ ಒಂದು ಹೆಸರು ಉಸುರುತ್ತಾನೆ. ಆ ಹೆಸರು ಊರಲ್ಲಿ ಇಬ್ಬರಿಗೇ ಗೊತ್ತು. ಇಂಥ ಎಷ್ಟು ಹೆಸರು ಮಾಸ್ತರರ ಹೊಟ್ಟೆಯಲ್ಲಿವೆಯೋ! ಅವರು ಬಾಯಿ ಬಿಟ್ಟರೆ ಜನವಾಡದ ಪೊಲೀಸ್ ಠಾಣೆಗೆ ಇನ್ನೊಂದು ಕೋಣೆ ಕಟ್ಟಿಸಬೇಕಾದೀತು.

ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ ಎಂದು ಬೀದರದವರಿಗೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಮಹಮೂದ್ ಗವಾನನ ಕುತ್ತಿಗೆಗೆ ಬಂದದ್ದೇ ಅದು. ಇರಾನಿನ ಗಿಲಾನ್ ಕಡೆಯ ಈ ವ್ಯಾಪಾರಿ ಬಹಮನಿ ಸುಲ್ತಾನರ ಪ್ರಧಾನಿಯಾದ, 1472ರಲ್ಲಿ ಮದರಸಾ ಕಟ್ಟಿಸಿದ, ಜಮೀನು ಅಳೆಸಿ ಕಂದಾಯ ಗೊತ್ತುಮಾಡಿದ. ಲೆಕ್ಕ ಸರಿಪಡಿಸುವವನಿಗೆ ವೈರಿಗಳು ಇದ್ದೇ ಇರುತ್ತಾರೆ. ಅವನ ಮುದ್ರೆ ಕಾಯುವವನನ್ನು ಒಲಿಸಿಕೊಂಡು ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿದರು. ಒಡಿಶಾದ ರಾಜನನ್ನು ದಂಡೆತ್ತಿ ಬಾ ಎಂದು ಕರೆವ ಪತ್ರವನ್ನು ಆಮೇಲೆ ತಾವೇ ಬರೆದುಕೊಂಡರು. 1481ರಲ್ಲಿ ಸುಲ್ತಾನ ಮೂರನೇ ಮುಹಮ್ಮದ್ ವಿಚಾರಣೆ ಗಿಚಾರಣೆ ಇಲ್ಲದೆ ತಲೆ ತೆಗೆಸಿದ. ಆಮೇಲೆ ಮನೆ ಜಡತಿ ಮಾಡಿದರೆ ಪ್ರಧಾನಿಯ ಪೆಟ್ಟಿಗೆಯಲ್ಲಿ ಹೇಳಿಕೊಳ್ಳುವಂಥ ರೊಕ್ಕವೇ ಇರಲಿಲ್ಲ. ಸುಲ್ತಾನ ಹಳಹಳಿಸುತ್ತ ಮರುವರ್ಷ ತಾನೂ ಹೋದ. ಅದಕ್ಕೂ ಮೊದಲು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರ ನೋಡಿಕೊಂಡವರು ಬಸವಣ್ಣನವರು. ಭಂಡಾರ ಬರಿದಾಯಿತೆಂದು ಚಾಡಿ ಹೋಯಿತು, ಲೆಕ್ಕ ತೆಗೆದರೆ ಕಾಸೂ ಕಡಿಮೆ ಇರಲಿಲ್ಲವೆಂದು ಕಥೆ. ನಮ್ಮ ಜಿಲ್ಲೆಯಲ್ಲಿ ಗಿರಾಕಿಗಳ ಕಿವಿ ಅಂದಿನಿಂದಲೂ ಸ್ವಲ್ಪ ತೆಳುವು. ಈಗ ಸುಲ್ತಾನರ ಜಾಗದಲ್ಲಿ ಕಾಕಾ ಇದ್ದಾನೆ. ಚಾಡಿ ಹೇಳುವ ಅಮೀರರ ಜಾಗದಲ್ಲಿ ಪುಣೆಯಿಂದ ದೀಪಾವಳಿಗೆ ಬರುವ ಅಳಿಯ ಇದ್ದಾನೆ.

ಅಳಿಯ ಮೊಬೈಲ್ ತೋರಿಸುತ್ತಾನೆ. “ಮಾವಾ, ಮಾಸ್ತರಗ ಕಮಿಷನ್ ಹೋಗ್ತದ, ನಿಮಗ ಗೊತ್ತದೇನು?” ಕಾಕಾನಿಗೆ ಗೊತ್ತಿಲ್ಲದೆ ಏನು? ಮೊದಲ ವರ್ಷದ ಕಂತಿನಲ್ಲಿ ದೊಡ್ಡ ಪಾಲು, ಆಮೇಲಿನ ವರ್ಷಗಳಲ್ಲಿ ಸಣ್ಣ ಪಾಲು ಎಂದು ಚೆನ್ನಾಗಿ ತಿಳಿದೇ “ಮೊದಲನೇ ಕಿಸ್ತ್ ನೀವೇ ಕಟ್ರಿ” ಎಂದು ಪಟ್ಟು ಹಿಡಿದವನು ಅವನು. 1938ರ ವಿಮಾ ಕಾಯ್ದೆಯ 41ನೇ ಕಲಂ ಪ್ರಕಾರ ಹಾಗೆ ಕಮಿಷನ್ ಬಿಟ್ಟುಕೊಡುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು, ದಂಡ ಹತ್ತು ಲಕ್ಷದವರೆಗೆ. ಈ ಕಲಮು ಓದಿ ಹೇಳಿದರೆ ಕಾಕಾ ನಗುತ್ತಾನೆ: “ಅಷ್ಟು ರೊಕ್ಕ ಇದ್ರ ನಿಮ್ ಪಾಲಿಸಿ ಯಾಕ ಮಾಡಸ್ತಿದ್ದೆ?”

ಸೆಬಿಯವರು 2013ರಲ್ಲಿ ಹೂಡಿಕೆ ಸಲಹೆಗಾರರಿಗೆ ಬೇರೆಯೇ ನಿಯಮ ಮಾಡಿದರು. ಸಲಹೆಗೆ ಗಿರಾಕಿಯೇ ಫೀ ಕೊಡಲಿ, ಸಲಹೆಗಾರ ಕಮಿಷನ್ ಮುಟ್ಟದಿರಲಿ ಎಂದು. ಒಳ್ಳೆಯ ನಿಯಮ, ಆದರೆ ಬರೀ ಮಾತಿಗೆ ರೊಕ್ಕ ಕೊಡುವವರನ್ನು ಬೀದರಿನಿಂದ ಔರಾದ ತನಕ ಹುಡುಕಿಕೊಂಡು ಹೋಗಿ, ಚಾ ಕುಡಿಸಿ ಕಳಿಸುತ್ತಾರೆ, ಫೀ ಕೊಡುವುದಿಲ್ಲ.

ಮಾಸ್ತರರನ್ನು ಇಷ್ಟೆಲ್ಲ ಚೇಷ್ಟೆ ಮಾಡಿದರೂ ಒಂದು ಮಾತು ಹೇಳದಿದ್ದರೆ ಅನ್ಯಾಯ. ಅವರು ಮಾರುವ ಪಾಲಿಸಿಗಳಲ್ಲಿ ರೊಕ್ಕ ಬಹಳ ಬೆಳೆಯುವುದಿಲ್ಲ. ಅಳಿಯನ ಲೆಕ್ಕ ಆ ಮಟ್ಟಿಗೆ ಸರಿ. ಆದರೆ ಕಂತಿನ ತಾರೀಖು ಸೋಯಾ ರಾಶಿ ಆದಮೇಲೆ ಬೀಳಲಿ ಎಂದು ಪಾಲಿಸಿ ಶುರು ಮಾಡುವ ದಿನವನ್ನೇ ಹಿಂದೆ ಮುಂದೆ ನೋಡಿ ಇಡುವುದು ಯಾವ ಮೊಬೈಲಿಗೆ ಗೊತ್ತು? ಅಡತ್ ಅಂಗಡಿಯ ಸಾವ್ಕಾರ ಕೊಟ್ಟ ಉಚಲು ಮುರಿದುಕೊಂಡು ಪಟ್ಟಿ ಕೈಗಿಡುತ್ತಾನೆ, ಉಳಿದದ್ದು ಮನೆ ಮುಟ್ಟುವುದರೊಳಗೆ ಮಾಸ್ತರರ ಗಾಡಿ ಬಂದು ನಿಂತಿರಬೇಕು. ತಡವಾದರೆ ಆ ರೊಕ್ಕ ಸೋದರಳಿಯನ ಮದುವೆಗೆ ಹೋಯಿತೆಂದೇ ಲೆಕ್ಕ. ದೊಡ್ಡ ಪಾಲಿಸಿ ತಾಳದ ಕೂಲಿಯವರಿಗೆ ಅವರು ಬ್ಯಾಂಕಿನ ದಾರಿ ತೋರಿಸುತ್ತಾರೆ. 2015ರಲ್ಲಿ ಬಂದ ಪ್ರಧಾನಮಂತ್ರಿ ಜೀವನ ಜ್ಯೋತಿಯಲ್ಲಿ ಈಗ ವರ್ಷಕ್ಕೆ 436 ರೂಪಾಯಿ ಕಟ್ಟಿದರೆ ಎರಡು ಲಕ್ಷದ ವಿಮೆ. ಅದರಲ್ಲಿ ಮಾಸ್ತರರಿಗೆ ಒಂದು ಚಾ ಕೂಡ ಹುಟ್ಟುವುದಿಲ್ಲ.

ಎಳ್ಳ ಅಮಾವಾಸ್ಯೆಗೆ ಅವರಿಗೆ ಹೊಲಹೊಲದಿಂದ ಕರೆ. ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಹೊಟ್ಟೆಗೆ ಬಿದ್ದಮೇಲೆ ಯಾರೂ ಪಾಲಿಸಿ ಮಾತು ಎತ್ತುವುದಿಲ್ಲ. ಮಗನಿಗೆ ಡಿಪ್ಲೊಮಾ ಓದಿಸಲೋ, ಬೋರ್ ಹಾಕಿಸಲೋ, ಭಾಲ್ಕಿಯ ಹುಡುಗಿ ಹ್ಯಾಂಗೆ ಎಂದು ಕೇಳುತ್ತಾರೆ. ಮಾಸ್ತರರು ಎಲ್ಲದಕ್ಕೂ ಯೋಚಿಸಿ ಉತ್ತರ ಕೊಡುತ್ತಾರೆ. ಊರು ಎಲ್ಲವನ್ನೂ ತಲೆಯಾಡಿಸಿ ಕೇಳಿ, ತಾನು ಮೊದಲೇ ನಿಶ್ಚಯಿಸಿದ್ದನ್ನೇ ಮಾಡುತ್ತದೆ.

ಕಾಕಾನ ಪಾಲಿಸಿ ಈಚೆಗೆ ಮುಗಿಯಿತು, ರೊಕ್ಕ ಖಾತೆಗೆ ಬಂತು. ಅರ್ಧ ಬ್ಯಾಂಕಿನಲ್ಲಿ ಎಫ್‌ಡಿ ಇಡಿರಿ, ಕಾಕುವಿನ ಹೆಸರೂ ಸೇರಿಸಿರಿ ಎಂದು ಮಾಸ್ತರರು ಒಂದು ತಾಸು ತಿಳಿಹೇಳಿದರು. ಕಾಕಾ ಎಲ್ಲದಕ್ಕೂ ಹೌದೆಂದ. ಮರುದಿನ ಮುಂಜಾನೆ ಅವರ ಮನೆ ಮುಂದೆ ಬಂದು ಹಾರ್ನ್ ಹೊಡೆದ.

“ಬರ್ರಿ ಮಾಸ್ತರ, ಬೀದರದಾಗ ಒಂದು ಪ್ಲಾಟ್ ಅದ, ನೋಡ್ಕೊಂಡು ಬರೋಣು.”

“ನಿನ್ನಿ ಎಫ್‌ಡಿ ಅಂದಿರಲ್ಲ ಕಾಕಾ?”

“ನಿನ್ನಿ ನಿಮ್ ಮುಂದ ಅಂದೆ. ಬಯಾನ ಮೊನ್ನೇನೇ ಕೊಟ್ಟೀನಿ.”

“ಕೊಡಬೇಕಾದ್ರ ಎನ್‌ಎ ಆಗ್ಯಾದೋ ಇಲ್ಲೋ ಕೇಳಿದ್ರೇನು?”

“ಅದು ಕೇಳ್ಲಾಕೇ ನಿಮಗ ಕರಿಲತ್ತೀನಿ. ಹತ್ರಿ ಗಾಡಿ.”