ಥಂಡಿ ಮೇಷ್ಟ್ರು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ: ಯಾವ ಊರಿನ ಹಳೇ ಬೀದಿಗೆ ಹೋದರೂ ಒಬ್ಬ ಥಂಡಿ ಮೇಷ್ಟ್ರು ಸಿಕ್ಕೇ ಸಿಗುತ್ತಾರೆ. ನಿವೃತ್ತಿಯಾಗಿರುತ್ತದೆ, ತಾತನ ಕಾಲದ ತೊಟ್ಟಿ ಮನೆ ಪಾಲಿಗೆ ಬಂದಿರುತ್ತದೆ. ತಲೆಗೆ ಮಂಕಿ ಕ್ಯಾಪು, ಕತ್ತಿಗೆ ಮಫ್ಲರು, ಬಾಯಲ್ಲಿ ಒಂದೇ ಮಾತು: “ಕದ ಹಾಕ್ರೋ!”

ಹಾಸನಾಂಬೆಯ ಗುಡಿ ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ತೆರೆದು, ದೀಪಾವಳಿ ಮುಗಿಯುತ್ತಿದ್ದಂತೆ ಮುಚ್ಚುತ್ತದೆ. ಮೇಷ್ಟ್ರ ಮನೆ ಬಾಗಿಲಿಗೂ ಅದೇ ಮುಹೂರ್ತ. ಮತ್ತೆ ತೆರೆಯುವುದು ಶಿವರಾತ್ರಿಗೆ, ಚಳಿ ಶಿವಶಿವಾ ಅಂತ ಹೋದ ಮೇಲೆ.

ಅವರದೂ ತಪ್ಪಿಲ್ಲ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಹಾಸನಕ್ಕೆ ‘ಬಡವರ ಊಟಿ’ ಎಂಬ ಹೆಸರು ಸುಮ್ಮನೆ ಬಂದಿಲ್ಲ. ತಾತ ಮನೆ ಕಟ್ಟಿಸಿದ್ದೋ ಸೆಕೆಗೆ ಹೆದರಿ: ನಡುವೆ ಆಕಾಶಕ್ಕೆ ಬಾಯ್ದೆರೆದ ತೊಟ್ಟಿ, ಸೂರಿನಡಿ ಗವಾಕ್ಷಿ, ಮೇಲೆ ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿ ಹೆಸರುವಾಸಿ ಮಾಡಿದ ಈ ಹೆಂಚು ಒಂದಕ್ಕೊಂದು ಕಚ್ಚಿಕೊಂಡು ಮಳೆ ತಡೆಯುತ್ತದೆ, ಗಾಳಿಯನ್ನಲ್ಲ. ಒಳಗಿನ ಬಿಸಿಗಾಳಿ ಮೇಲೇರಿ ಹೆಂಚಿನ ಸಂದಿಯಲ್ಲಿ ನುಸುಳಿಕೊಂಡರೆ, ಅದರ ಜಾಗಕ್ಕೆ ಬಾಗಿಲ ಬುಡದಿಂದ ಥಂಡಿ ನುಗ್ಗುತ್ತದೆ.

ಇನ್ನು ನೆಲ. ಕಲ್ಲುಹಾಸೂ ಅದರ ಮೇಲಿನ ಚಾಪೆಯೂ ಇರುವುದು ಒಂದೇ ಉಷ್ಣಾಂಶದಲ್ಲಿ. ಆದರೆ ಅಂಗಾಲಿನ ಬಿಸಿಯನ್ನು ಕಲ್ಲು ಸರಕ್ಕನೆ ಎಳೆದುಕೊಳ್ಳುತ್ತದೆ, ಚಾಪೆ ಎಳೆದುಕೊಳ್ಳದು. ವಿಜ್ಞಾನದ ಮೇಷ್ಟ್ರಾದ್ದರಿಂದ ಬಂದವರಿಗೆಲ್ಲ ಇದನ್ನು ವಿವರಿಸುತ್ತಾರೆ, ಒಂಟಿ ಕಾಲಲ್ಲಿ ನಿಂತು. ಚನ್ನರಾಯಪಟ್ಟಣ ತೆಂಗಿನ ಸೀಮೆ. ಅಲ್ಲಿನ ಮೇಷ್ಟ್ರು ಮಂಚದಿಂದ ಬಚ್ಚಲವರೆಗೆ ನಾರಿನ ಚಾಪೆ ಹಾಸಿ, ಅದರಿಂದಾಚೆ ಕಾಲಿಡುವುದಿಲ್ಲ. ಆಲೂಗಡ್ಡೆ ಬೆಳೆಯುವ ಅರಕಲಗೂಡಿನವರಿಗೆ ಖಾಲಿ ಗೋಣಿಚೀಲವೇ ಗತಿ. ಹೇಮಾವತಿ ದಂಡೆಯ ಹೊಳೆನರಸೀಪುರದವರು ಹೊಳೆಯ ಮಂಜನ್ನೂ ಸೇರಿಸಿ ಬಯ್ಯುತ್ತಾರೆ.

ಗಾಳಿ ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಹಚ್ಚಲು ಮೇಷ್ಟ್ರ ಆಯುಧ ಊದುಬತ್ತಿ. ಅದನ್ನು ಕಿಟಕಿ, ಬಾಗಿಲುಗಳ ಅಂಚಿನಲ್ಲಿ ಉಸಿರು ಬಿಗಿಹಿಡಿದು ಆಡಿಸುತ್ತಾರೆ. ನೆಟ್ಟಗೆ ಏರುತ್ತಿದ್ದ ಹೊಗೆ ಎಲ್ಲಿ ಬಾಗಿತೋ ಅಲ್ಲಿ ಸಂದಿ ಇದೆ ಎಂದರ್ಥ. ಕಿಟಕಿಯಾದರೆ ಹೋದ ವರ್ಷದ ಪಂಚಾಂಗ ಹರಿದು ತುರುಕುತ್ತಾರೆ. ಬಾಗಿಲಾದರೆ ಹಳೇ ಪಂಚೆಯಲ್ಲಿ ಮರಳು ತುಂಬಿ ಹೊಲಿದ ದಿಂಡು. ಈ ಸೇವೆ ನೋಡಿದ ಹಾಲಿನವನೊಬ್ಬ ಚಪ್ಪಲಿ ಬಿಟ್ಟು ಕೈಮುಗಿದನಂತೆ.

“ಹೊಸ್ತಿಲು ಪೂಜೆನಾ ಸಾರ್?”

“ಪೂಜೆ ಹಾಳಾಗ್ಲಿ, ಮೊದ್ಲು ಕದ ಹಾಕಪ್ಪ!”

ಮಲಗುವ ಕೋಣೆಗೆ ಅಗ್ಗಿಷ್ಟಿಕೆ ತಂದ ದಿನ ಮಾತ್ರ ಹೆಂಡತಿ ಸುಮ್ಮನಿರುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಬಣ್ಣ, ವಾಸನೆ ಇಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಂಡು ನಿದ್ದೆಯಲ್ಲೇ ಪ್ರಾಣ ಹೋದೀತು. “ಮಕ್ಕಳಿಗೆ ನೀವೇ ಪಾಠ ಮಾಡಿದ್ದಲ್ವೇನ್ರೀ?” ಎಂದು ಆಕೆ ಅದನ್ನೆತ್ತಿ ಹೊರಗಿಡುತ್ತಾರೆ. ಮೇಷ್ಟ್ರು ಬಚ್ಚಲೊಲೆಗೆ ಶರಣು. ಹಂಡೆ ನೀರು ಕಾಯುವವರೆಗೆ ಪೇಪರು, ಕಾಫಿ, ರಾಜಕೀಯವೆಲ್ಲ ಅಲ್ಲೇ.

ಇಷ್ಟಾದರೂ ಮನೆಯನ್ನು ಬಯ್ಯುವ ಹಕ್ಕು ಅವರೊಬ್ಬರದೇ. ಬೆಂಗಳೂರಿನಿಂದ ಬಂದ ಮಗ “ಕಲ್ಲು ಕಿತ್ತು ಟೈಲ್ಸ್ ಹಾಕಿಸೋಣ ಅಪ್ಪಾ” ಅಂದರೆ ರೇಗಿಹೋಗುತ್ತದೆ.

“ಟೈಲ್ಸೇನು ಬೆಚ್ಚಗಿರುತ್ತೇನೋ? ಅದೂ ಹೀಗೇ ಕೊರೆಯುತ್ತೆ! ಏಪ್ರಿಲ್‌ನಲ್ಲಿ ಬಾ, ಫ್ಯಾನ್ ಇಲ್ದೆ ಈ ನೆಲದ ಮೇಲೆ ಮಲಗಿ ನೋಡು. ನಿನ್ನ ಅಪಾರ್ಟ್‌ಮೆಂಟಲ್ಲಿ ಆಗುತ್ತಾ?”

ಮಗ “ಇಲ್ಲಪ್ಪ” ಎಂದು ತಲೆಯಾಡಿಸಿ, ಹಾಕಿಕೊಂಡ ಸಾಕ್ಸ್ ಮೇಲೆ ಇನ್ನೊಂದು ಜೊತೆ ಏರಿಸಿಕೊಳ್ಳುತ್ತಾನೆ.