ಆರು ತಂತಿ, ನೂರು ಸಬೂಬು

ಗಲ್ಫ್‌ಗೆ ಬಂದ ಕನ್ನಡಿಗ ಏನು ಕೊಳ್ಳುತ್ತಾನೆ ಎಂದು ನೋಡಿದರೆ ಸಾಕು, ಅವನು ಯಾವ ಕಾಲದವನು ಎಂದು ಹೇಳಬಹುದು. ಒಮಾನಿನ ಸೀಬ್ ಎಂದರೆ ವಿಮಾನ ನಿಲ್ದಾಣದ ಹೆಸರೇ ಆಗಿದ್ದ ಕಾಲದಲ್ಲಿ ಇಲ್ಲಿಳಿದವರು ಊರಿಗೆ ಟೇಪ್ ರೆಕಾರ್ಡರ್, ಟೈಗರ್ ಬಾಮ್, ಸೆಂಟಿನ ಬಾಟಲಿ ಹೊತ್ತೊಯ್ದರು. 2008ರಲ್ಲಿ ನಿಲ್ದಾಣಕ್ಕೆ ಮಸ್ಕತ್ ಎಂಬ ಹೆಸರು ಬಂತು. ಖರೀದಿಯ ಪಟ್ಟಿಯೂ ಬದಲಾಯಿತು. ಈಗ ಸೀಬ್‌ನ ಮಬೇಲ, ಅಲ್ ಖೂದ್, ಮವಾಲೆಯ ಫ್ಲ್ಯಾಟುಗಳಲ್ಲಿರುವ ನಲವತ್ತು ದಾಟಿದ ಮಹನೀಯರ ಕಣ್ಣು ಬಿದ್ದಿರುವುದು ಎಲೆಕ್ಟ್ರಿಕ್ ಗಿಟಾರಿನ ಮೇಲೆ.

ಇಂಥವರನ್ನೆಲ್ಲ ಒಟ್ಟಾಗಿ ರಾಯರು ಎಂದು ಕರೆಯೋಣ. ರಾಯರ ಸಾಲ ತೀರಿದೆ, ಊರಲ್ಲಿ ಮನೆ ಎದ್ದಿದೆ, ಮಕ್ಕಳು ಕೋಣೆಯ ಬಾಗಿಲು ಹಾಕಿಕೊಂಡು ಕೂರುವ ವಯಸ್ಸಿಗೆ ಬಂದಿದ್ದಾರೆ. ಕಾಲೇಜಿನಲ್ಲಿ ಗಿಟಾರ್ ಹಿಡಿದವನ ಸುತ್ತ ನೆರೆಯುತ್ತಿದ್ದ ಗುಂಪನ್ನು ಅವರು ಇನ್ನೂ ಮರೆತಿಲ್ಲ. ಆ ಹಳೇ ಬಾಕಿ ಈಗ ಚುಕ್ತಾ ಆಗಬೇಕು.

ಮೊದಲು ಸಂಶೋಧನೆ. ಒಂದು ಸ್ವರ ನುಡಿಸುವ ಮೊದಲೇ ರಾಯರು ಸಿಂಗಲ್ ಕಾಯಿಲ್ ಪಿಕಪ್ ಮೇಲೋ ಹಂಬಕರ್ ಮೇಲೋ ಎಂಬ ವಾದದಲ್ಲಿ ಪಾರಂಗತರು. ಆಲ್ಡರ್ ಮರದ ನಾದಕ್ಕೂ ಮಹೋಗನಿಯ ನಾದಕ್ಕೂ ಇರುವ ವ್ಯತ್ಯಾಸವನ್ನು ಮೊಬೈಲ್ ಸ್ಪೀಕರಿನಲ್ಲೇ ಕಂಡುಹಿಡಿದಿದ್ದಾರೆ. ನಿಜಕ್ಕೂ ಈ ವಾದ್ಯದ ಗುಟ್ಟು ಸರಳ: ಅಯಸ್ಕಾಂತಕ್ಕೆ ತೆಳುವಾದ ತಾಮ್ರದ ತಂತಿ ಸುತ್ತಿದರೆ ಪಿಕಪ್, ಅದರ ಮೇಲೆ ಉಕ್ಕಿನ ತಂತಿ ಕಂಪಿಸಿದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ, ಆಂಪ್ ಅದನ್ನು ಹಿಗ್ಗಿಸಿ ಕೇಳಿಸುತ್ತದೆ. ತಂತಿ ಕಂಪಿಸಬೇಕಾದರೆ ಯಾರಾದರೂ ಮೀಟಬೇಕು ಎಂಬ ವಿವರವೊಂದು ಮಾತ್ರ ರಾಯರ ಎಕ್ಸೆಲ್ ಶೀಟಿನಲ್ಲಿ ಇಲ್ಲ.

ಮುಂದಿನದು ಹಣಕಾಸು. ಒಂದು ರಿಯಾಲ್‌ಗೆ ಇನ್ನೂರು ರೂಪಾಯಿಗೂ ಮೇಲೆ. ತರಕಾರಿ ಅಂಗಡಿಯಲ್ಲಿ ನುಗ್ಗೆಕಾಯಿಯ ಬೆಲೆಯನ್ನು ಬೈಸಾದಿಂದ ರೂಪಾಯಿಗೆ ಗುಣಿಸಿ ನಿಟ್ಟುಸಿರು ಬಿಡುವ ರಾಯರು ಗಿಟಾರಿನ ವಿಷಯದಲ್ಲಿ ಗುಣಾಕಾರವನ್ನೇ ಮರೆಯುತ್ತಾರೆ.

“ಬರೀ ಮುನ್ನೂರು ಕಣೇ.”

“ಏನ್ರೀ, ಮುನ್ನೂರು ರಿಯಾಲಾ? ಅರವತ್ತು ಸಾವಿರ ದಾಟುತ್ತಲ್ರೀ! ನಿಮಗೆ ನುಡಿಸೋಕೆ ಬರುತ್ತಾ?”

“ಬರಲ್ಲ, ಅದಕ್ಕೇ ಒಳ್ಳೇದು ಬೇಕು. ಅಗ್ಗದ್ದರಲ್ಲಿ ಕಲಿತರೆ ಕೈ ಕೆಡುತ್ತೆ.”

ಇನ್ನೂ ಹುಟ್ಟದ ಕೈ ಕೆಡುವ ಭಯ!

ಒಂದು ಶುಕ್ರವಾರ ಸವಾರಿ ವಾದ್ಯದ ಅಂಗಡಿಗೆ ಹೋಗುತ್ತದೆ. ಅಲ್ಲಿ ಮೀಸೆ ಮೂಡದ ಹುಡುಗನೊಬ್ಬ ಗೋಡೆಯಿಂದ ತೀರಾ ಅಗ್ಗದ ಗಿಟಾರ್ ಇಳಿಸಿಕೊಂಡು ಅಂಗಡಿ ನಡುಗಿಸುತ್ತಿದ್ದಾನೆ. ರಾಯರಿಗೆ ನುಡಿಸಲು ಬರುವುದು ಒಂದೂವರೆ ಕಾರ್ಡ್. ಸೇಲ್ಸ್‌ಮನ್ ಕೇಬಲ್ ಚುಚ್ಚಲು ಬಂದರೆ “ಬೇಡ ಬೇಡ, ಸುಮ್ನೆ ನೋಡ್ತೀನಿ” ಎಂದು ಕೈಯಾಡಿಸುತ್ತಾರೆ. ಆಮೇಲೆ ಗಿಟಾರನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ, ಬುಡದಿಂದ ತುದಿಯವರೆಗೆ ಅದರ ಕತ್ತನ್ನು ದಿಟ್ಟಿಸುತ್ತಾರೆ. ಹಾಗೆ ದಿಟ್ಟಿಸಬೇಕೆಂದು ವಿಡಿಯೋದಲ್ಲಿ ಕಂಡಿದ್ದಾರೆ. ದಿಟ್ಟಿಸಿದಾಗ ಏನು ಕಾಣಬೇಕೆಂಬುದು ತಿಳಿಯದು. “ಸ್ವಲ್ಪ ಬೆಂಡ್ ಇದೆ ಅಲ್ವಾ?” ಎನ್ನುತ್ತಾರೆ. ಸೇಲ್ಸ್‌ಮನ್ ಭಕ್ತಿಯಿಂದ ತಲೆಯಾಡಿಸಿ ಅದಕ್ಕಿಂತ ದುಬಾರಿಯದನ್ನು ಇಳಿಸುತ್ತಾನೆ.

ರಾಯರ ಪರವಾಗಿಯೂ ಒಂದು ಮಾತು ಹೇಳಬೇಕು. 1954ರಲ್ಲಿ ಸ್ಟ್ರಾಟೋಕಾಸ್ಟರ್ ಎಂಬ ಜಗತ್ಪ್ರಸಿದ್ಧ ಗಿಟಾರನ್ನು ಮಾರುಕಟ್ಟೆಗೆ ತಂದ ಲಿಯೋ ಫೆಂಡರ್‌ಗೂ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಆದರೆ ಆತ ನುಡಿಸಬಲ್ಲವರ ಕೈಗೆ ಕೊಟ್ಟು ಅವರ ಮಾತು ಕೇಳುತ್ತಿದ್ದ. ಇನ್ನು ಕ್ವೀನ್ ತಂಡದ ಬ್ರಯಾನ್ ಮೇ 1963ರಲ್ಲಿ ಅಪ್ಪನ ಜತೆ ಕೂತು, ಹಳೇ ಅಗ್ಗಿಷ್ಟಿಕೆಯ ಚೌಕಟ್ಟಿನ ಮರದಲ್ಲಿ ತನ್ನ ಗಿಟಾರಿನ ಕತ್ತು ಕೆತ್ತಲು ತೊಡಗಿದ. ಆ ಗಿಟಾರನ್ನೇ ಲೋಕದ ವೇದಿಕೆಗಳಲ್ಲೆಲ್ಲ ನುಡಿಸಿದ. ಈ ಕಥೆ ರಾಯರಿಗೆ ಬಾಯಿಪಾಠ. ಬಂದವರಿಗೆಲ್ಲ ಕಣ್ಣರಳಿಸಿ ಹೇಳುತ್ತಾರೆ. ಹೇಳಿ ಮುಗಿಸಿ, ಆ ಗಿಟಾರಿನ ನಕಲು ಎಲ್ಲಿ ಸಿಗುತ್ತದೆ, ಬೆಲೆ ಎಷ್ಟು ಎಂದು ವಿಚಾರಿಸುತ್ತಾರೆ.

ಗಿಟಾರ್ ಮನೆಗೆ ಬಂದ ಮೇಲೆ ಅದರ ಪರಿವಾರ ಬರತೊಡಗುತ್ತದೆ: ಸ್ಟ್ಯಾಂಡು, ಚರ್ಮದ ಪಟ್ಟಿ, ಟ್ಯೂನರ್, ಕೇಪೊ, ಮೂರು ಪೆಡಲ್. ಅಮೆರಿಕದಿಂದ ಬಂದ ಭಾವ ತಂದುಕೊಟ್ಟ ಆಂಪ್ 120 ವೋಲ್ಟಿನದು. ಒಮಾನಿನ ಗೋಡೆಯಲ್ಲಿ ಹರಿಯುವುದು 240. ಮೊದಲ ಕಛೇರಿ ಕ್ಷಣದಲ್ಲೇ ಮುಗಿಯುತ್ತದೆ. “ಎಂತದು ಮಾರಾಯ್ರೆ, ಸುಟ್ಟ ವಾಸನೆ?” ಎಂದು ಎದುರು ಮನೆಯ ಮಂಗಳೂರಿನವರು ಬಾಗಿಲು ಬಡಿಯುತ್ತಾರೆ. ರಾಯರ ವಾದನಕ್ಕೆ ಈವರೆಗೆ ಬಂದಿರುವ ವಿಮರ್ಶೆ ಅದೊಂದೇ.

ಬೆರಳ ತುದಿ ಉರಿಯುತ್ತದೆ. ಉರಿಯುವುದಕ್ಕೆ ತಂತಿಯ ದಪ್ಪ ಕಾರಣವಂತೆ, ತಂತಿ ಬದಲಾಗುತ್ತದೆ. ಆಮೇಲೆ ತಪ್ಪು ಪಿಕ್‌ನದು, ಅದರ ನಂತರ ಕುರ್ಚಿಯದು. ನವೆಂಬರ್ ಬಂದಾಗ ಗೆಳೆಯರು “ರಾಜ್ಯೋತ್ಸವಕ್ಕೆ ಏನಾದ್ರೂ ನುಡಿಸಿ ರಾಯರೇ” ಎಂದರೆ “ಟೋನ್ ಇನ್ನೂ ಸೆಟ್ ಆಗಿಲ್ಲ” ಎಂಬ ಉತ್ತರ ಸಿದ್ಧ. ಗಿಟಾರ್ ಗೋಡೆಗೇರುತ್ತದೆ. ವಿಡಿಯೋ ಕಾಲಿನಲ್ಲಿ ರಾಯರ ತಲೆಯ ಹಿಂದೆ ಠೀವಿಯಿಂದ ಕಾಣುತ್ತದೆ. ಸೀಬ್‌ನ ಕಡಲ ಗಾಳಿ, ಉಪ್ಪು, ತೇವ ಸೇರಿ ತಂತಿಗೆ ತುಕ್ಕು ಹಿಡಿಸುತ್ತವೆ. ರಾಯರು ತುಕ್ಕು ಹಿಡಿಯದ ಲೇಪನದ ತಂತಿ ತರಿಸುತ್ತಾರೆ.

ಇದು ಸೋಮಾರಿತನ ಎನ್ನುವವರಿಗೆ ರಾಯರ ಪರಿಚಯ ಸಾಲದು. ಅವರದು ನಾಚಿಕೆ. ಈ ದೇಶಕ್ಕೆ ಕಾಲಿಡುವಾಗಲೇ ವೀಸಾದಲ್ಲಿ ಹುದ್ದೆ ನಮೂದಾಗಿರುತ್ತದೆ. ಇಪ್ಪತ್ತು ವರ್ಷ ‘ಸೀನಿಯರ್’ ಎನಿಸಿಕೊಂಡವರಿಗೆ ಮಗನ ವಯಸ್ಸಿನವನ ಮುಂದೆ ಕೂತು ತಪ್ಪು ತಪ್ಪಾಗಿ ತಂತಿ ಮೀಟುವುದು ಹಿಂಬಡ್ತಿಯಾಗಿ ತೋರುತ್ತದೆ. ಕಲಿಯುವವರಾಗಿ ಕಾಣಿಸಿಕೊಳ್ಳಲಾರದವರು ತಜ್ಞರಾಗಿ ಕಾಣಿಸಿಕೊಳ್ಳುತ್ತಾರೆ. ಅಂಗಡಿಗಳು ನಡೆಯುತ್ತಿರುವುದು ಈ ನಾಚಿಕೆಯ ಮೇಲೆ.

ಆದ್ದರಿಂದ ರಾಯರೇ, ಯಮಹಾ, ಸ್ಕ್ವಾಯರ್, ಎಪಿಫೋನ್ ಎಲ್ಲದರಲ್ಲೂ ಹೊಸಬರಿಗೆಂದೇ ಮಾಡಿದ ಗಿಟಾರ್‌ಗಳಿವೆ, ಒಂದನ್ನು ಕೊಳ್ಳಿ. ತಂತಿ ಬೆರಳಿಗೆ ಎಟುಕುವಷ್ಟು ತಗ್ಗುವಂತೆ ಬಲ್ಲವರ ಕೈಲಿ ಸರಿಮಾಡಿಸಿ. ಮಂಗಳೂರಿನವರ ನಿದ್ದೆಗಾಗಿ ಹೆಡ್‌ಫೋನ್ ಹಾಕಿಕೊಳ್ಳಿ. ಮಿಕ್ಕ ಹಣವನ್ನು ಕಲಿಸುವವರಿಗೆ ಕೊಡಿ. ಆಮೇಲೆ ಧೈರ್ಯವಾಗಿ ಕೆಟ್ಟದಾಗಿ ನುಡಿಸಿ. ಹವ್ಯಾಸಿಗಿರುವ ದೊಡ್ಡ ಹಕ್ಕು ಅದು. ಅದನ್ನು ಬಿಟ್ಟುಕೊಟ್ಟವರು ಕೊನೆತನಕ ಗಿರಾಕಿಗಳಾಗಿಯೇ ಉಳಿಯುತ್ತಾರೆ.